ಒಂಬತ್ತು ಸಲ ಬಾಯಿ ತೆಗೆಸುತ್ತೇವೆ, ಹಲ್ಲು ನೋಡುವುದಿಲ್ಲ

ಎರಡು ವರ್ಷದ ಹಿಂದಿನ ಆಷಾಢ. ಸಕಲೇಶಪುರದಿಂದಾಚೆ ಒಂದು ಹಳ್ಳಿಯಲ್ಲಿರುವ ಅಕ್ಕ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ನಾಲ್ಕು ವರ್ಷದ ಮಗನ ಬಲಗೆನ್ನೆ ಕಡುಬಿನ ಹಾಗೆ ಊದಿಕೊಂಡಿದೆ, ಜ್ವರ ಬೇರೆ, ಸಂಜೆಯಿಂದ ಕರೆಂಟಿಲ್ಲ. ಅವಳ ಅತ್ತೆ ಲವಂಗ ಜಜ್ಜಿ ಹಲ್ಲಿಗೆ ಇಟ್ಟಿದ್ದಾರೆ, ಹುಡುಗ ಉಗಿದಿದ್ದಾನೆ. ಬೆಳಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಎತ್ತಿಕೊಂಡಾಗ ಬಾಯಿಂದ ಕೀವಿನ ವಾಸನೆ ಬರುತ್ತಿತ್ತು.

ಆ ಹಲ್ಲಿನಲ್ಲಿ ತೂತು ಇದ್ದದ್ದು ಮನೆಯವರಿಗೆ ಗೊತ್ತಿರಲಿಲ್ಲ ಅಂತಲ್ಲ. ಎಂಟು ತಿಂಗಳ ಮುಂಚೆ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿಯೂ ಇದ್ದರು. ಅಲ್ಲಿ ಸಿಕ್ಕ ಉತ್ತರ: ‘ಹಾಲುಹಲ್ಲು ತಾನೇ, ಹೇಗೂ ಬೀಳತ್ತೆ ಬಿಡಿ.’ ಮನೆಯಲ್ಲಿ ಅಜ್ಜಿ ಹೇಳಿದ್ದೂ ಅದೇ. ಓದಿದವರೂ ಹಿರಿಯರೂ ಒಂದೇ ಮಾತು ಹೇಳಿದ ಮೇಲೆ ಅಕ್ಕ ಏನು ಮಾಡಿಯಾಳು?

ಬೀಳುವುದೇನೋ ನಿಜ. ಯಾವಾಗ ಬೀಳುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಅಲ್ಲಾಡುತ್ತವೆ, ಅದನ್ನು ಎಲ್ಲರೂ ನೋಡಿದ್ದೇವೆ. ಆದರೆ ಅಗಿಯುವ ದವಡೆ ಹಲ್ಲುಗಳು ಬೀಳುವುದು ಹತ್ತು, ಹನ್ನೊಂದು, ಹನ್ನೆರಡು ವರ್ಷಕ್ಕೆ. ನಾಲ್ಕು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾದರೆ ಅದು ಇನ್ನೂ ಆರೇಳು ವರ್ಷ ಕೆಲಸ ಮಾಡಬೇಕಾದ ಹಲ್ಲು. ಆರು ವರ್ಷ ಬಾಳಬೇಕಾದ ಹೆಂಚನ್ನು ‘ಹೇಗೂ ಒಂದು ದಿನ ಒಡೆಯುತ್ತೆ’ ಅಂತ ಸೋರಲು ಬಿಡುತ್ತೇವಾ?

ಹಾಲುಹಲ್ಲು ಒಟ್ಟು 20. ಆರು ತಿಂಗಳ ಆಸುಪಾಸಿನಲ್ಲಿ ಮೊದಲನೆಯದು ಬರುತ್ತದೆ, ಎರಡೂವರೆಯಿಂದ ಮೂರು ವರ್ಷದೊಳಗೆ ಅಷ್ಟೂ ಬಂದಿರುತ್ತವೆ. ಅಗಿಯುವುದಲ್ಲದೆ ಅವಕ್ಕೆ ಇನ್ನೊಂದು ಕೆಲಸವಿದೆ, ಜಾಗ ಕಾಯುವುದು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಕೆಳಗೆ ದವಡೆಯೊಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲು ಮೇಲೆ ಬರುವ ತನಕ ಆ ಜಾಗ ಬಿಟ್ಟುಕೊಡಬಾರದು. ಹಾಲುಹಲ್ಲನ್ನು ಬೇಗ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ. ಶಾಶ್ವತ ಹಲ್ಲು ಬರುವ ಹೊತ್ತಿಗೆ ಜಾಗವೇ ಇರುವುದಿಲ್ಲ. ಅದು ಸೊಟ್ಟ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಹೈಸ್ಕೂಲಿಗೆ ಬಂದ ಮೇಲೆ ಹಲ್ಲಿಗೆ ಕ್ಲಿಪ್ ಹಾಕಿಸಲು ಸಾಲ ಮಾಡುವ ಮನೆಗಳಲ್ಲಿ ಕೆಲವರ ಕಥೆ ಶುರುವಾಗಿರುವುದು ಹೀಗೆ ಬಿಟ್ಟ ಒಂದು ದವಡೆ ಹಲ್ಲಿನಿಂದ. ಕೀವು ಬೇರಿಗಿಳಿದರೆ ಕೆಳಗಿರುವ ಶಾಶ್ವತ ಹಲ್ಲಿನ ಮೊಳಕೆಗೂ ಪೆಟ್ಟು, ಅದು ಮಚ್ಚೆ ಹೊತ್ತೇ ಹುಟ್ಟಬಹುದು. ನೋವಿಗೆ ಮಗು ಒಂದೇ ಕಡೆ ಅಗಿಯುತ್ತದೆ, ಗಟ್ಟಿ ಪದಾರ್ಥ ಬಿಡುತ್ತದೆ, ರಾತ್ರಿ ಎದ್ದು ಅಳುತ್ತದೆ. ‘ನಮ್ಮ ಹುಡುಗ ಊಟಾನೇ ಮಾಡಲ್ಲ ಕಣೆ’ ಅಂತ ಅಕ್ಕ ಆರು ತಿಂಗಳಿಂದ ಹೇಳುತ್ತಿದ್ದಳು. ಬಾಯಿ ತೆಗೆಸಿ ನೋಡಬೇಕು ಅಂತ ನನಗೂ ಹೊಳೆಯಲಿಲ್ಲ.

ಹುಳುಕು ಅನ್ನುವ ಮಾತಿನಲ್ಲೇ ಒಂದು ಹುಳ ಇದೆ. ಹಲ್ಲಿಗೆ ಹೊಗೆ ಹಾಕಿ ಹುಳ ಉದುರಿಸಿ ತೋರಿಸುವವರನ್ನು ನಮ್ಮ ಹಿರಿಯರು ನಂಬಿದ್ದು ಸುಮ್ನೆ ಅಲ್ಲ, ಮಾತೇ ಹಾಗಿತ್ತು. ಬಾಯಲ್ಲಿ ಯಾವ ಹುಳವೂ ಇಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅದರಲ್ಲೂ ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಜಾತಿ. ನಾವು ತಿಂದ ಸಕ್ಕರೆಯನ್ನು ಅದು ತಿಂದು ಆಮ್ಲ ಬಿಡುತ್ತದೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರದಿಂದ ಖನಿಜ ಕರಗತೊಡಗುತ್ತದೆ. ಎಂಜಲು ಮೆಲ್ಲಗೆ ಆ ಆಮ್ಲವನ್ನು ತೊಳೆದು ಖನಿಜವನ್ನು ಮತ್ತೆ ಹಲ್ಲಿಗೆ ಕೂರಿಸುತ್ತದೆ. ಇದಕ್ಕೆ ಸುಮಾರು ಅರ್ಧ ಗಂಟೆ ಬೇಕು, ಕೆಲವೊಮ್ಮೆ ಜಾಸ್ತಿ.

ಹಾಗಾಗಿ ಎಷ್ಟು ಸಿಹಿ ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ದೊಡ್ಡ ಲೆಕ್ಕ. ಅಕ್ಕನ ಮನೆಯ ಒಂದು ದಿನವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಆರೂವರೆಗೆ ಅಜ್ಜಿಯ ಲೋಟದಿಂದ ಎರಡು ಗುಟುಕು ಬೆಲ್ಲದ ಕಾಫಿ, ಅದಕ್ಕೆ ಅದ್ದಿದ ರಸ್ಕು. ಎಂಟಕ್ಕೆ ಅಕ್ಕಿರೊಟ್ಟಿ, ಅದು ಪರವಾಗಿಲ್ಲ. ಅಂಗನವಾಡಿಯಲ್ಲಿ ಸಕ್ಕರೆ ಹಾಕಿದ ಹಾಲು. ಮನೆಗೆ ಬಂದ ತಕ್ಷಣ ಬಿಸ್ಕೆಟ್. ಮೂರೂವರೆಗೆ ಅಂಗಡಿಯ ಐದು ರೂಪಾಯಿ ಪ್ಯಾಕೆಟ್. ಸಂಜೆ ಮತ್ತೆ ಕಾಫಿ. ತಾತ ಪೇಟೆಯಿಂದ ಬರುವಾಗ ಜೇಬಿನಲ್ಲಿ ಚಾಕಲೇಟು. ಮಲಗುವಾಗ ಸಕ್ಕರೆ ಹಾಲು. ಏಳು ಸಲ. ಅರ್ಧ ಗಂಟೆಯ ಲೆಕ್ಕ ಹಾಕಿದರೆ ದಿನಕ್ಕೆ ಮೂರೂವರೆ ಗಂಟೆ ಹಲ್ಲು ಆಮ್ಲದಲ್ಲಿ ನೆನೆಯುತ್ತಿದೆ. ಅಷ್ಟಾದರೂ ಆ ಮನೆಯಲ್ಲಿ ಯಾರನ್ನು ಕೇಳಿದರೂ ‘ನಮ್ಮ ಹುಡುಗ ಸಿಹಿ ತಿನ್ನೋದೇ ಕಡಿಮೆ’ ಅನ್ನುತ್ತಾರೆ. ಯಾಕೆಂದರೆ ಸಿಹಿ ಅಂದರೆ ಅವರ ಮನಸ್ಸಿಗೆ ಬರುವುದು ಹೋಳಿಗೆ, ಪಾಯಸ.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ಆ ದಿನ ಕೊಡಿಸಿದ ಬೆಂಡು ಬತ್ತಾಸಿನಿಂದ ಯಾರ ಹಲ್ಲೂ ಹಾಳಾಗುವುದಿಲ್ಲ, ಧಾರಾಳವಾಗಿ ತಿನ್ನಲಿ. ಹಾಳು ಮಾಡುವುದು ದಿನದಿನದ ರಸ್ಕು, ಬಿಸ್ಕೆಟ್ಟು. ಇವು ಚಾಕಲೇಟಿಗಿಂತ ಮೋಸದವು. ಚಾಕಲೇಟು ಕರಗಿ ಹೋಗುತ್ತದೆ, ಬಿಸ್ಕೆಟ್ಟಿನ ಹಿಟ್ಟು ದವಡೆ ಹಲ್ಲಿನ ಗೆರೆಗಳಲ್ಲಿ ಮೆತ್ತಿಕೊಂಡು ಕೂರುತ್ತದೆ. ಇನ್ನು ಬೆಲ್ಲ ಸಹಜ, ಜೇನು ಸಹಜ, ಖರ್ಜೂರ ಸಹಜ ಅನ್ನುವ ವಾದ. ಬ್ಯಾಕ್ಟೀರಿಯಾಕ್ಕೆ ಆ ಭೇದ ಇಲ್ಲ.

ಶಾಲೆ, ಅಂಗನವಾಡಿಯ ಹಾಲನ್ನು ನಾನು ದೂರುತ್ತಿಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಮಕ್ಕಳ ಹೊಟ್ಟೆಗೆ ಒಳ್ಳೆಯದನ್ನೇ ಹಾಕಿದೆ, ಬರೀ ಹಾಲು ಹಲ್ಲಿಗೂ ಒಳ್ಳೆಯದು. ಆಮೇಲೆ ಬಂದ ರಾಗಿ ಮಾಲ್ಟೂ ಹಾಗೆ. ಹಾಲು ಕುಡಿದ ಮೇಲೆ ಲೋಟ ತೊಳೆಯಲು ಮಕ್ಕಳು ಹೇಗೂ ನಲ್ಲಿಯ ಹತ್ತಿರ ಸಾಲು ನಿಲ್ಲುತ್ತಾರೆ. ಅದೇ ಲೋಟದಲ್ಲಿ ಒಂದು ಸಲ ಬಾಯಿ ಮುಕ್ಕಳಿಸಿ ಬನ್ನಿ ಎಂದು ಟೀಚರ್ ಹೇಳಿದರೆ ಸಾಕು. ಅದಕ್ಕೆ ಯಾವ ಯೋಜನೆಯೂ ಬೇಡ.

ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿಯ ಬಾಟಲಿ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ, ತೊಳೆಯುವವರಿಲ್ಲ. ಸಿಹಿ ಹಾಲಿನ ಬಾಟಲಿ ಚೀಪುತ್ತಲೇ ಮಗು ಮಲಗಿದರೆ ಆ ಹಾಲು ಮೇಲಿನ ಮುಂದಲ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಮುಂದಲ ಹಲ್ಲುಗಳಿಗೆ ನಾಲಿಗೆಯ ಮರೆ ಇರುತ್ತದೆ, ಅವು ಬಚಾವಾಗುತ್ತವೆ. ಎರಡು ವರ್ಷದ ಮಗು ನಕ್ಕಾಗ ಮೇಲೆ ಕಂದು ಬಣ್ಣದ ಮೊಂಡು ತುಣುಕು, ಕೆಳಗೆ ಚೆಂದದ ಬಿಳಿ ಹಲ್ಲು ಕಂಡರೆ ಬಾಟಲಿಯ ಮೇಲೆ ಅನುಮಾನ ಪಡಬಹುದು. ಕೆಮ್ಮಿನ ಸಿರಪ್ಪೂ ಸಿಹಿಯೇ. ಅದನ್ನು ಕುಡಿಸಿ ಹಾಗೇ ಮಲಗಿಸಬಾರದು, ಒಂದು ಗುಟುಕು ನೀರು ಕೊಡಬೇಕು.

ಇಲ್ಲಿ ತಾಯಂದಿರನ್ನು ಬೈಯುವುದು ಸುಲಭ. ಕಾಫಿ ತೋಟದ ಲೈನ್ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟರೆ ಕೂಸನ್ನು ನೋಡುವುದು ಏಳೆಂಟು ವರ್ಷದ ಅಕ್ಕ. ಅಳುವ ಮಗುವಿನ ಕೈಗೆ ಆ ಹುಡುಗಿ ಬಿಸ್ಕೆಟ್ ಪ್ಯಾಕೆಟ್ ಕೊಡದೆ ಇನ್ನೇನು ಕೊಟ್ಟಾಳು? ಕಳಸದ ಕಡೆಯಿಂದ ಚಿಕ್ಕಮಗಳೂರಿಗೆ ಹಲ್ಲು ತೋರಿಸಲು ಬರುವುದೆಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಘಾಟಿ ರಸ್ತೆಯಲ್ಲಿ ಮಗುವಿನ ವಾಂತಿ. ನೋವು ತಡೆಯಲಾರದಷ್ಟು ಆಗುವ ತನಕ ಯಾರೂ ಹೊರಡುವುದಿಲ್ಲ. ಹೊರಟು ಬಂದಾಗ ಕೀಳುವುದೊಂದೇ ದಾರಿ ಉಳಿದಿರುತ್ತದೆ. ಡಾಕ್ಟರ್ ಎಂದರೆ ಹಲ್ಲು ಕೀಳುವವರು ಅನ್ನುವ ಹೆದರಿಕೆ ಮಗುವಿನಲ್ಲಿ ಹುಟ್ಟುವುದೂ ಹೀಗೇ.

ಈಗ ನೀರಿನ ವಿಚಾರ. ಇದು ನಮ್ಮ ಎರಡೂ ಜಿಲ್ಲೆಗಳ ವಿಚಿತ್ರ.

ಹಾಸನ, ಚಿಕ್ಕಮಗಳೂರು ಎರಡೂ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜನ ಕುಡಿಯುವುದು ಹೆಚ್ಚಾಗಿ ಹಳ್ಳ, ಒರತೆ, ತೆರೆದ ಬಾವಿಯ ನೀರು. ಇದರಲ್ಲಿ ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ಎಂಬ ಖನಿಜಾಂಶ ತೀರಾ ಕಡಿಮೆ. ಅರಸೀಕೆರೆ, ಕಡೂರು ಕಡೆ ಆಳದ ಬೋರ್‌ವೆಲ್ ನೀರು, ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಪರವಾಗಿಲ್ಲ. ಕಮ್ಮಿಯಾದರೆ ಹಲ್ಲು ಬೇಗ ಹುಳುಕಾಗುತ್ತದೆ, ಹೆಚ್ಚಾದರೆ ಹಲ್ಲು ಕಲೆಗಟ್ಟುತ್ತದೆ. ಒಂದೇ ಜಿಲ್ಲೆಯ ಎರಡು ತುದಿಯಲ್ಲಿ ಎರಡು ತದ್ವಿರುದ್ಧ ತೊಂದರೆ.

ಕಡೂರು ಕಡೆ ಹೈಸ್ಕೂಲು ಹುಡುಗಿಯರು ನಗುವಾಗ ಕೈ ಅಡ್ಡ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಕೆಲವರಿಗೆ ಕಂದು ಗೆರೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಯಾಕೆಂದರೆ ಅದು ಹೊರಗಿನಿಂದ ಅಂಟಿದ ಕೊಳೆ ಅಲ್ಲ. ಶಾಶ್ವತ ಹಲ್ಲಿನ ಹೊರಪದರ ದವಡೆಯೊಳಗೆ ರೂಪುಗೊಳ್ಳುವಾಗಲೇ, ಅಂದರೆ ಮೊದಲ ಏಳೆಂಟು ವರ್ಷದಲ್ಲಿ, ಕುಡಿದ ನೀರಿನಿಂದ ಆದದ್ದು. ಅಂಥ ಮಕ್ಕಳನ್ನು ‘ಹಲ್ಲು ಉಜ್ಜಲ್ವೇನೇ?’ ಎಂದು ಗದರಿಸುವ ದೊಡ್ಡವರಿಗೆ ಇದೊಂದು ಗೊತ್ತಾಗಬೇಕಿತ್ತು.

ಆ ಕಡೆಯವರು ನೀರು ಕುದಿಸಿ ಕುಡಿಸಿದರೆ ಸರಿಹೋಗುತ್ತದೆ ಅಂದುಕೊಂಡಿರುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದರ ಆರ್‌ಒ ನೀರು ಒಳ್ಳೆಯದು. ಅದನ್ನು ಬರೀ ಕುಡಿಯಲು ಇಟ್ಟುಕೊಂಡು ಅನ್ನ ಸಾರಿಗೆ ಬೋರ್ ನೀರೇ ಹಾಕಿದರೆ ಅರ್ಧ ಕೆಲಸ ಆದ ಹಾಗೆ. ಕ್ಯಾನ್ ಸಾಲದಿದ್ದರೆ ಮೊದಲು ಎಂಟು ವರ್ಷದೊಳಗಿನ ಮಕ್ಕಳ ಕುಡಿಯುವ ನೀರು, ಅವರ ಗಂಜಿ, ಅನ್ನ ಇದಕ್ಕೆ ಬಳಸಲಿ. ದೊಡ್ಡವರ ಹಲ್ಲಿಗೆ ಇನ್ನು ಹೊಸದಾಗಿ ಕಲೆ ಬೀಳುವುದಿಲ್ಲ. ಮೂಳೆಯ ಮಾತು ಬೇರೆ, ಅದಕ್ಕೆ ದೊಡ್ಡವರಿಗೂ ಒಳ್ಳೆಯ ನೀರೇ ಬೇಕು.

ಮಲೆನಾಡಿನ ಕಡೆಗೆ ಬಂದರೆ, ನೀರಲ್ಲಿ ಇಲ್ಲದ ಫ್ಲೋರೈಡು ಹಲ್ಲಿಗೆ ಸಿಗುವ ಮುಖ್ಯ ದಾರಿ ಪೇಸ್ಟು. ಇಲ್ಲೇ ಎಡವುತ್ತೇವೆ. ಮಕ್ಕಳ ಪೇಸ್ಟ್ ಅಂತ ಸ್ಟ್ರಾಬೆರಿ ವಾಸನೆಯ, ಕಾರ್ಟೂನ್ ಚಿತ್ರದ ಟ್ಯೂಬು ತರುತ್ತೇವೆ. ಹಿಂಬದಿ ಓದಿದರೆ ಎಷ್ಟೋ ಟ್ಯೂಬುಗಳಲ್ಲಿ ಫ್ಲೋರೈಡೇ ಇರುವುದಿಲ್ಲ, ಇದ್ದರೂ 500 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 500 ಭಾಗ. ಹುಳುಕು ತಡೆಯಲು ಬೇಕಾದ್ದು 1000 ಪಿಪಿಎಂ ಹತ್ತಿರದ್ದು. ನಮ್ಮ ದೇಶದಲ್ಲಿ ಪೇಸ್ಟಿನಲ್ಲಿ ಇರಬಹುದಾದ ಮಿತಿಯೂ ಅದೇ 1000. ಅಂದರೆ ಮನೆಯವರೆಲ್ಲ ಬಳಸುವ ಮಾಮೂಲಿ ಫ್ಲೋರೈಡ್ ಪೇಸ್ಟು ಮಗುವಿಗೂ ಆಗುತ್ತದೆ, ಅಳತೆ ಮಾತ್ರ ಬೇರೆ. ಮೊದಲ ಹಲ್ಲು ಬಂದಾಗಿನಿಂದ ಮೂರು ವರ್ಷದ ತನಕ ಒಂದು ಅಕ್ಕಿ ಕಾಳಿನಷ್ಟು. ಮೂರರಿಂದ ಆರರ ತನಕ ಬಟಾಣಿ ಕಾಳಿನಷ್ಟು. ಅಕ್ಕಿ ಕಾಳಿನಷ್ಟನ್ನು ನುಂಗಿದರೂ ಭಯವಿಲ್ಲ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಸುರುಳಿ ಹಾಕುವುದು ಪೇಸ್ಟ್ ಮಾರುವವರಿಗೆ ಲಾಭ, ಅಷ್ಟೇ. ಅರಸೀಕೆರೆ, ಕಡೂರಿನವರು ಈ ಅಳತೆಯಲ್ಲಿ ಇನ್ನೂ ಬಿಗಿ ಹಿಡಿಯಬೇಕು, ನುಂಗದೆ ಉಗಿಯುವುದನ್ನು ಬೇಗ ಕಲಿಸಬೇಕು. ಪೇಸ್ಟನ್ನೇ ಬಿಡುವುದು ಬೇಡ.

ಬೇವಿನ ಕಡ್ಡಿ, ಇದ್ದಿಲು, ಉಪ್ಪು ಎಂದು ಹೇಳುವವರಿಗೆ ನನ್ನ ಉತ್ತರ ಚಿಕ್ಕದು. ನಮ್ಮ ತಾತನ ಹಲ್ಲು ಗಟ್ಟಿ ಇದ್ದದ್ದು ಬೇವಿನಿಂದ ಅನ್ನುವುದಕ್ಕಿಂತ ಅವರ ಕಾಲದಲ್ಲಿ ಬಿಸ್ಕೆಟ್ ಅಂಗಡಿ ಮೂರು ಮೈಲಿ ದೂರ ಇತ್ತು ಅನ್ನುವುದರಿಂದ. ಒರಟು ಹಲ್ಲುಪುಡಿ, ಇದ್ದಿಲು ಹಾಲುಹಲ್ಲನ್ನು ಸವೆಸುತ್ತವೆ. ಹಾಲುಹಲ್ಲಿನ ಹೊರಪದರ ಮೊದಲೇ ತೆಳು.

ಉಜ್ಜುವುದು ಯಾರು? ಇದನ್ನು ಹಾಸನದ ಆ ಮಕ್ಕಳ ಹಲ್ಲಿನ ಡಾಕ್ಟರು ಅಕ್ಕನಿಗೆ ಕೇಳಿದಾಗ ಅವಳು ಹೆಮ್ಮೆಯಿಂದ ‘ಅವನೇ ಉಜ್ಜಿಕೊಳ್ತಾನೆ ಮೇಡಂ’ ಅಂದಳು. ಡಾಕ್ಟರು ನಕ್ಕರು. ‘ಅವನ ಶರ್ಟಿನ ಗುಂಡಿ ಯಾರು ಹಾಕ್ತಾರಮ್ಮ?’ ಗುಂಡಿ ಹಾಕಲು ಬಾರದ ಕೈ ಹಿಂದಿನ ದವಡೆಯ ಒಳಬದಿ ಉಜ್ಜುವುದಿಲ್ಲ. ಏಳೆಂಟು ವರ್ಷದ ತನಕ ದೊಡ್ಡವರೇ ಉಜ್ಜಬೇಕು. ಮಗುವಿಗೂ ಒಂದು ಬ್ರಷ್ ಕೊಡಿ, ಆಡಲಿ, ಆಮೇಲೆ ನೀವು ಹಿಡಿಯಿರಿ. ಮಗುವಿನ ಎದುರು ನಿಂತು ಉಜ್ಜುವುದು ಕಷ್ಟ. ತಲೆ ಬಾಚುವ ಹಾಗೆ ಹಿಂದಿನಿಂದ, ತೊಡೆಯ ಮೇಲೆ ತಲೆ ಇಟ್ಟುಕೊಂಡರೆ ಎಲ್ಲ ಕಾಣುತ್ತದೆ. ಅಜ್ಜಿಯರಿಗೆ ಈ ಭಂಗಿ ಹೇಳಿಕೊಡಬೇಕಾಗಿಲ್ಲ. ಹೇನು ನೋಡಿ ಗೊತ್ತು.

ಬೆಳಗ್ಗೆ ಒಂದು ಸಲ ಎಲ್ಲರ ಮನೆಯಲ್ಲೂ ಇದೆ. ರಾತ್ರಿಯದ್ದು ಇಲ್ಲ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ ನಾನು ರಾತ್ರಿಯದ್ದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ. ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು. ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಿದರೆ ಹಲ್ಲಿಗೆ ಅಂಟಬೇಕಾದ ಫ್ಲೋರೈಡೂ ಹೋಗಿಬಿಡುತ್ತದೆ.

ಮನೆಯವರು ಇಷ್ಟು ಮಾಡಬಹುದು. ಸರ್ಕಾರ? 2014ರಲ್ಲಿ ನಮ್ಮ ರಾಜ್ಯ ದಂತಭಾಗ್ಯ ಯೋಜನೆ ತಂದಿತು. ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು. ತಪ್ಪೇನಿಲ್ಲ, ನಮ್ಮೂರಲ್ಲೂ ಅದರಿಂದ ಚಕ್ಕುಲಿ ಕಡಿದವರಿದ್ದಾರೆ. ಆದರೆ ಹಲ್ಲು ಹೋದ ಮೇಲೆ ಭಾಗ್ಯ, ಬರುವಾಗ ಏನೂ ಇಲ್ಲ ಅನ್ನುವುದು ಒಂದು ಥರ ನಗು ತರಿಸುತ್ತದೆ. ಮಕ್ಕಳಿಗಾಗಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲೂ ಇದೆ. ಆದರೆ ಹೃದಯ, ಕಣ್ಣು, ತೂಕ ಎಲ್ಲ ನೋಡುವ ಆ ಅವಸರದಲ್ಲಿ ಹಲ್ಲಿಗೆ ಸಿಗುವುದು ‘ಆ ಅನ್ನು’ ಅನ್ನುವಷ್ಟು ಹೊತ್ತು. ಹುಳುಕು ಅಂತ ಬರೆದುಕೊಟ್ಟ ಚೀಟಿ ಹಿಡಿದು ಮತ್ತೆ ಘಾಟಿ ಇಳಿಯಬೇಕಾದವರು ಅದೇ ಕೂಲಿಯ ತಾಯಿ.

ಹೊಸ ಯೋಜನೆಗಿಂತ, ಈಗಾಗಲೇ ನಡೆಯುತ್ತಿರುವುದಕ್ಕೆ ಹಲ್ಲನ್ನು ಜೋಡಿಸುವುದು ಸುಲಭ ಅನ್ನಿಸುತ್ತದೆ ನನಗೆ. ಅಕ್ಕನ ಹತ್ತಿರ ಇದ್ದ ‘ತಾಯಿ ಕಾರ್ಡ್’, ಅಂದರೆ ಮಗುವಿನ ಚುಚ್ಚುಮದ್ದಿನ ಲೆಕ್ಕ ಬರೆದಿಡುವ ಕಾರ್ಡ್, ತೆಗೆದು ನೋಡಿದೆ. ಒಂಬತ್ತನೇ ತಿಂಗಳಿಗೆ ದಡಾರದ ಚುಚ್ಚುಮದ್ದು, ಅದರ ಜೊತೆ ವಿಟಮಿನ್ ಎ ದ್ರಾವಣದ ಮೊದಲ ಚಮಚ. ಒಂದೂವರೆ ವರ್ಷಕ್ಕೆ ಮತ್ತೆ. ಆಮೇಲೆ ಆರು ತಿಂಗಳಿಗೊಮ್ಮೆ, ಐದು ವರ್ಷದ ತನಕ. ಒಟ್ಟು ಒಂಬತ್ತು ಸಲ ಆರೋಗ್ಯ ಕಾರ್ಯಕರ್ತೆ ಮಗುವಿನ ಬಾಯಿ ತೆಗೆಸಿ ಚಮಚ ಇಡುತ್ತಾರೆ. ಅದೇ ಗಳಿಗೆಯಲ್ಲಿ ಮೇಲ್ತುಟಿ ಎತ್ತಿ ನೋಡಲು ಎಷ್ಟು ಹೊತ್ತು ಬೇಕು? ಹತ್ತು ಸೆಕೆಂಡು.

ನೋಡಬೇಕಾದ್ದು ಇಷ್ಟೇ. ಒಸಡಿನ ಅಂಚಿನ ಉದ್ದಕ್ಕೆ ಹಲ್ಲಿನ ಮೇಲೆ ಸೀಮೆಸುಣ್ಣದ ಹಾಗೆ ಮಂಕಾದ ಬಿಳಿ ಗೆರೆ ಇದೆಯಾ? ಅದು ಹುಳುಕಿನ ಮೊದಲ ಗುರುತು. ಆಗಿನ್ನೂ ತೂತು ಬಿದ್ದಿರುವುದಿಲ್ಲ, ಪೇಸ್ಟು, ನೀರು, ತಿನ್ನುವ ಸಮಯ ಸರಿ ಮಾಡಿದರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಕಂದು ಬಣ್ಣಕ್ಕೆ ತಿರುಗಿ ಹೊಂಡ ಬಿದ್ದರೆ ಡಾಕ್ಟರು ಬೇಕು. ತಾಯಿಯೂ ತಿಂಗಳಿಗೊಮ್ಮೆ ಕಿಟಕಿ ಬೆಳಕಿನಲ್ಲಿ ತುಟಿ ಎತ್ತಿ ನೋಡಬಹುದು.

ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಷ್ ಅಂತ ಒಂದಿದೆ. ಸಣ್ಣ ಕುಂಚದಲ್ಲಿ ಬಳಿದರೆ ಮುಗಿಯಿತು, ನೋವಿಲ್ಲ, ಮಿಷನ್ನಿಲ್ಲ. ಅದನ್ನೂ ಆರು ತಿಂಗಳಿಗೊಮ್ಮೆಯೇ ಬಳಿಯುವುದು. ವಿಟಮಿನ್ ಎ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ ಅಲ್ವಾ? ತೂತು ಬಿದ್ದ ಹಲ್ಲನ್ನು ಕೊರೆಯದೆ ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವೂ ಇದೆ. ಫ್ಲೋರೈಡ್ ಪೇಸ್ಟಿನ ಜೊತೆಗೆ ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹುಳುಕಾದ ಭಾಗ ಕಪ್ಪಾಗುವುದು ಅದರ ಒಂದು ಕೊರತೆ, ಮುಂದಿನ ಹಲ್ಲಾದರೆ ತಂದೆತಾಯಿ ಒಪ್ಪುವುದು ಕಷ್ಟ. ಹಿಂದಿನ ದವಡೆ ಹಲ್ಲಿಗೆ ಏನು? ಯಾರಿಗೂ ಕಾಣದ ಕಪ್ಪು, ರಾತ್ರಿ ಅಳಿಸುವ ಬಿಳಿಗಿಂತ ವಾಸಿ. ಹಾಸನದಲ್ಲೇ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಇದೆ. ದೇಶದಲ್ಲಿ ದಂತ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಬಳಿಯುವ ಕೈಗಳಿಗೆ ನಮ್ಮಲ್ಲಿ ಬರ ಇಲ್ಲ. ಆ ಕೈಗಳು ಅಂಗನವಾಡಿಯ ತನಕ ಬರುವ ದಾರಿಯನ್ನು ಯಾರೋ ಕೂತು ಹಾಕಬೇಕು.

ಕಾರ್ಡಿನ ಕೊನೆಯಲ್ಲಿ ಐದರಿಂದ ಆರು ವರ್ಷದ ನಡುವೆ ಇನ್ನೊಂದು ಚುಚ್ಚುಮದ್ದಿದೆ. ಆ ಹೊತ್ತಿಗೆ ಸರಿಯಾಗಿ ಬಾಯಲ್ಲಿ ಒಂದು ಮೋಸ ನಡೆಯುತ್ತದೆ. ಆರನೇ ವರ್ಷಕ್ಕೆ ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ನಾಲ್ಕು ದೊಡ್ಡ ದವಡೆ ಹಲ್ಲು ಬರುತ್ತವೆ. ಯಾವ ಹಲ್ಲೂ ಬೀಳದೆ ಬಂದದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಅವು ಶಾಶ್ವತ ಹಲ್ಲು, ಜೀವಮಾನಕ್ಕೆ ಅವೇ. ಮೇಲೆ ಆಳವಾದ ಗೆರೆಗಳಿರುತ್ತವೆ, ಬಿಸ್ಕೆಟ್ ಹಿಟ್ಟು ಕೂರಲು ಹೇಳಿ ಮಾಡಿಸಿದ ಜಾಗ. ಬಂದ ಹೊಸದರಲ್ಲಿ ಆ ಗೆರೆಗಳನ್ನು ಸೀಲಂಟ್ ಎಂಬ ತೆಳು ಲೇಪ ಹಾಕಿ ಮುಚ್ಚಿಸಬಹುದು. ‘ಬೀಳೋ ಹಲ್ಲು’ ಅನ್ನುವ ಮಾತಿಗೆ ಅತಿ ಹೆಚ್ಚು ಬೆಲೆ ತೆರುವುದು ಬೀಳದ ಈ ಹಲ್ಲು.

ಅಕ್ಕನ ಮಗನಿಗೆ ಅವತ್ತು ಆ ಹಲ್ಲು ಕೀಳಲೇಬೇಕಾಯಿತು. ಕೆಳದವಡೆಯ ಬಲಗಡೆ, ಮೊದಲ ದವಡೆ ಹಲ್ಲು. ಆಮೇಲೆ ಹಿಂದಿನ ಹಲ್ಲಿಗೆ ಬಳೆಯಂಥ ಪಟ್ಟಿ ತೊಡಿಸಿ, ಅದರಿಂದ ಮುಂದಕ್ಕೆ ಒಂದು ತಂತಿಯ ಕುಣಿಕೆ ಹಾಕಿದರು, ಖಾಲಿ ಜಾಗ ಕಾಯಲು. ಹತ್ತು ಹನ್ನೊಂದು ವರ್ಷಕ್ಕೆ ಹೊಸ ಹಲ್ಲು ಬರುವ ತನಕ ಅದನ್ನು ಆಗಾಗ ತೋರಿಸಿಕೊಂಡು ಬರಬೇಕು. ಅಲ್ಲಿಯವರೆಗೆ ಎಷ್ಟು ಸಲ ಬಸ್ಸು ಹತ್ತಬೇಕು ಅಂತ ಅಕ್ಕ ಲೆಕ್ಕ ಹಾಕುವುದನ್ನು ಬಿಟ್ಟಿದ್ದಾಳೆ.

ಈಗ ಅವನಿಗೆ ಆರು. ಹೋದ ವಾರ ಕೆಳಗಿನ ಮುಂದಲ ಹಲ್ಲು ಬಿತ್ತು. ಅಜ್ಜಿ ಅದನ್ನು ಸಗಣಿ ಉಂಡೆಯಲ್ಲಿ ಹುದುಗಿಸಿ ಕೊಟ್ಟರು, ಅವನು ಹೆಂಚಿನ ಮೇಲಕ್ಕೆ ಎಸೆದ. ಒಳಗೆ ಬಂದವನನ್ನು ಅಜ್ಜಿ ತೊಡೆಯ ಮೇಲೆ ಮಲಗಿಸಿಕೊಂಡು, ಮೊಬೈಲಿನ ಟಾರ್ಚ್ ಹಿಡಿಯಲು ಅಕ್ಕನಿಗೆ ಹೇಳಿ, ಬೆರಳಿಂದ ಕೆನ್ನೆ ಸರಿಸಿದರು. ‘ಹಿಂದ್ಗಡೆ ಬಂದಿದೆ ನೋಡೇ, ಬಿಳೀದು, ದೊಡ್ಡದು.’

ಹಿಂದಿನ ಸಲದ ಹಾಗೆ ಅದನ್ನು ಹಾಲುಹಲ್ಲು ಅನ್ನಲಿಲ್ಲ.